ಗೊತ್ತಿಲ್ಲ ಎಂಬುದಕ್ಕೂ ಒಂದು ಅಂಕಿ

ನನ್ನ ಅಕ್ಕನ ಆಸ್ಪತ್ರೆಯ ಕಾಗದಗಳೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮಗಳ ಹುಟ್ಟಿದ ದಿನಾಂಕದ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸ್, ತೀರಿಕೊಂಡ ನಮ್ಮ ಅಬ್ಬಾನ ಕನ್ನಡಕದ ರಸೀದಿ, ಇವುಗಳ ನಡುವೆ 2007ರ ಒಂದು ಡಿಸ್ಚಾರ್ಜ್ ಚೀಟಿ ಇದೆ. ಅದರ ಬಲಮೂಲೆಯಲ್ಲಿ 'ಕೆ 52.9' ಎಂದು ಅಚ್ಚಾಗಿದೆ. ಎರಡು ವರ್ಷದಿಂದ ಹೊಟ್ಟೆನೋವು, ಬಿಟ್ಟು ಬಿಟ್ಟು ಭೇದಿ, ಸಂಜೆ ಹೊತ್ತಿಗೆ ಸಣ್ಣಗೆ ಜ್ವರ. ಮದುವೆಯ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಆ ಅಂಕಿಯನ್ನು ನಾವು ವಾರ್ಡಿನ ನಂಬರು ಎಂದುಕೊಂಡಿದ್ದೆವು. ವಿಮೆಯ ಅರ್ಜಿ ತಿರಸ್ಕೃತವಾಗಿ ವಾಪಸು ಬಂದಾಗಲೇ ಅದು ಕಾಯಿಲೆಯ ನಂಬರು ಎಂದು ತಿಳಿದದ್ದು.

ಆ ಅಂಕಿಯ ಅರ್ಥ ಇಷ್ಟು: ಸೋಂಕಿನಿಂದಲ್ಲದ ಜಠರ ಮತ್ತು ಕರುಳಿನ ಉರಿಯೂತ, ಯಾವುದೆಂದು ನಿರ್ದಿಷ್ಟವಾಗಿ ಹೇಳಿಲ್ಲ. ಆದರೆ ಅದೇ ಚೀಟಿಯ ಕೆಳಗೆ ಬರೆದಿದ್ದ ಮಾತ್ರೆಗಳು ಕ್ಷಯದ ಮಾತ್ರೆಗಳು. ಕ್ಷಯವೆಂದರೆ ಸೋಂಕೇ ಅಲ್ಲವೆ? ಒಂದೇ ಹಾಳೆಯ ಮೇಲ್ಭಾಗ ಸೋಂಕಿಲ್ಲ ಎನ್ನುತ್ತಿತ್ತು, ಕೆಳಭಾಗ ಸೋಂಕಿಗೆ ಔಷಧ ಕೊಡುತ್ತಿತ್ತು. ವಿಮೆಯವರು ಹಿಡಿದದ್ದು ಈ ಎಳೆಯನ್ನೇ. ಡಾಕ್ಟರರ ಕೈಬರಹದ ಹಾಳೆ ಸಿಕ್ಕಿದ ಮೇಲೆ ವಿಷಯ ತಿಳಿಯಿತು. ಅವರು ಬರೆದದ್ದು 'ಕೊಲೈಟಿಸ್' ಎಂದು. ಪಕ್ಕದಲ್ಲಿ 'ಟಿಬಿ' ಎಂದು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕೋಡ್ ಹಾಕುವ ಗುಮಾಸ್ತನ ಮೇಜು ದಾಟುವಷ್ಟರಲ್ಲಿ ಆ ಚಿಹ್ನೆ ಉದುರಿಹೋಗಿತ್ತು.

ನಾನು ಕಥೆ ಬರೆಯುವವನು, ವೈದ್ಯನಲ್ಲ. ಆದರೂ ಆ ಉದುರಿಹೋದ ಚಿಹ್ನೆಯ ಹಿಂದೆ ಬಿದ್ದು ಓದುತ್ತ ಹೋದಾಗ ಅದಕ್ಕೆ ಮುನ್ನೂರೈವತ್ತು ವರ್ಷಗಳ ಚರಿತ್ರೆ ಇದೆ ಎಂದು ಗೊತ್ತಾಯಿತು.

ಮೊದಲು ಉರಿಯೂತ ಎಂಬ ಶಬ್ದವನ್ನೇ ನೋಡಿ. ಉರಿ ಮತ್ತು ಊತ, ಎರಡೂ ಸೇರಿ ಒಂದು ಪದ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪಾಗುವುದು, ಬಾತುಕೊಳ್ಳುವುದು, ಬಿಸಿಯಾಗುವುದು, ನೋಯುವುದು. ನಾಲ್ಕರಲ್ಲಿ ಎರಡು ನಮ್ಮ ಕನ್ನಡದ ಶಬ್ದದಲ್ಲೇ ಕೂತಿವೆ. ಉರ್ದು ಶಾಲೆಯಲ್ಲಿ ನಾವು ಕಲಿತ 'ಸೋಜಿಶ್' ಎಂದರೆ ಬರೀ ಉರಿ. ಇಬ್ನ್ ಸೀನಾರ 'ಅಲ್ ಖಾನೂನ್' ಗ್ರಂಥದಲ್ಲಿ ಬರುವ, ಇಂದಿಗೂ ಯುನಾನಿ ಹಕೀಮರ ಬಾಯಲ್ಲಿರುವ 'ವರಮ್' ಎಂದರೆ ಊತ. ಮೂರು ಭಾಷೆಗಳೂ ಕಣ್ಣಿಗೆ ಕಂಡದ್ದನ್ನು, ಕೈಗೆ ಹತ್ತಿದ್ದನ್ನು ಹೇಳುತ್ತವೆ. ಯಾಕೆ ಉರಿಯಿತು, ಯಾಕೆ ಊದಿತು ಎಂದು ಒಂದೂ ಹೇಳುವುದಿಲ್ಲ. ಇಂಗ್ಲಿಷ್ ಹೆಸರುಗಳ ಕೊನೆಗೆ ಬರುವ 'ಐಟಿಸ್' ಎಂಬ ಗ್ರೀಕ್ ಬಾಲವೂ ಅಷ್ಟೆ. ಮೂಲದಲ್ಲಿ ಅದಕ್ಕೆ ಇದ್ದ ಅರ್ಥ 'ಅದಕ್ಕೆ ಸಂಬಂಧಿಸಿದ್ದು' ಎಂದು ಮಾತ್ರ. ಉರಿಯೂತ ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು. ಕೊಲನ್ ಎಂದರೆ ದೊಡ್ಡ ಕರುಳು. ಕೊಲೈಟಿಸ್ ಎಂದಾಗ ಡಾಕ್ಟರು ನಮಗೆ ತಿಳಿಸುವುದು ದೊಡ್ಡ ಕರುಳು ಊದಿಕೊಂಡು ಉರಿಯುತ್ತಿದೆ ಎಂದು. ಅದು ಅಕ್ಕನಿಗೆ ಮೊದಲೇ ಗೊತ್ತಿತ್ತು.

ಕಾಯಿಲೆಗಳನ್ನು ಎಣಿಸುವ ಕೆಲಸ ದೊಡ್ಡದಾಗಿ ಶುರುವಾದದ್ದು ಲಂಡನ್ನಿನಲ್ಲಿ, ಪ್ಲೇಗಿನ ಭಯದಿಂದ. ಯಾರಾದರೂ ಸತ್ತರೆ ಆ ಮನೆಗೆ ಹೋಗಿ ಹೆಣ ನೋಡಿ ಕಾರಣ ಹೇಳಲು ಪ್ರತಿ ಚರ್ಚಿನ ವ್ಯಾಪ್ತಿಯಲ್ಲಿ ಪ್ರಮಾಣ ಮಾಡಿಸಿದ ಹೆಂಗಸರಿದ್ದರು. ಹೆಚ್ಚಿನವರು ಬಡ ಮುದುಕಿಯರು. ಅವರು ಹೇಳಿದ್ದನ್ನು ಗುಮಾಸ್ತರು ಬರೆದುಕೊಂಡು ವಾರಕ್ಕೊಮ್ಮೆ ಸಾವಿನ ಪಟ್ಟಿ ಅಚ್ಚು ಹಾಕಿಸುತ್ತಿದ್ದರು. ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ ಈ ಹಳೆಯ ಪಟ್ಟಿಗಳನ್ನೆಲ್ಲ ಕೂಡಿಹಾಕಿ, ಕೂಡಿ ಕಳೆದು, 1662ರಲ್ಲಿ ಒಂದು ಪುಸ್ತಕ ತಂದ. ಇಪ್ಪತ್ತು ವರ್ಷಗಳಲ್ಲಿ 2,29,250 ಸಾವುಗಳ ಲೆಕ್ಕ ಅದರಲ್ಲಿತ್ತು. ಸಾವಿನ ಕಾರಣಗಳ ಕಾಲಂ ಓದಿದರೆ ನಗುವೂ ಬರುತ್ತದೆ, ಹೊಟ್ಟೆಯೂ ತೊಳೆಸುತ್ತದೆ: ಹಲ್ಲು, ಹುಳ, ಮುಪ್ಪು, ಹಠಾತ್, ಗ್ರಹ ಬಡಿದದ್ದು, ಕರುಳು ಹಿಂಡಿದ್ದು. ಮರ್ಯಾದಸ್ಥರ ಮನೆಯಲ್ಲಿ ಗುಪ್ತರೋಗದಿಂದ ಸತ್ತವರನ್ನು ಈ ಮುದುಕಿಯರು ಒಂದು ಬಟ್ಟಲು ಮದ್ಯ ಮತ್ತು ಪುಡಿಗಾಸಿಗೆ ಬೇರೆ ಕಾಲಮಿಗೆ ದಾಟಿಸುತ್ತಿದ್ದರು ಎಂಬುದನ್ನೂ ಗ್ರಾಂಟ್ ಕಂಡುಕೊಂಡಿದ್ದ.

ಗ್ರಾಂಟನ ಪಟ್ಟಿಯನ್ನು ಇಂದಿನ ಡಾಕ್ಟರರು ತಮಾಷೆಗೆ ತೋರಿಸುವುದುಂಟು. ನನಗೆ ಆ ಮುದುಕಿಯರ ಮೇಲೆ ಗೌರವವಿದೆ. ಅವರು ಲಂಚ ತಿಂದರು, ನಿಜ. ಆದರೆ 'ಕರುಳು ಹಿಂಡಿತು' ಎಂದು ಬರೆಸಿದಾಗ ತಮಗೆ ತಿಳಿದದ್ದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚು ಹೇಳಲಿಲ್ಲ.

ಹೆಚ್ಚು ಹೇಳಲು ಹೊರಟವರು ಮುಂದಿನ ಶತಮಾನದ ಪಂಡಿತರು. ಗಿಡಮರಗಳನ್ನು ಜಾತಿ, ಕುಲ, ಪಂಗಡ ಎಂದು ವಿಂಗಡಿಸಿದಂತೆ ರೋಗಗಳನ್ನೂ ವಿಂಗಡಿಸಬಹುದು ಎಂದುಕೊಂಡರು. ಫ್ರಾನ್ಸಿನ ಸೋವಾಜ್ 1763ರಲ್ಲಿ ರೋಗಗಳನ್ನು ಹತ್ತು ವರ್ಗಗಳಲ್ಲಿ ಸುಮಾರು 2400 ಬಗೆಗಳಾಗಿ ಹಂಚಿದ. ಎಡಿನ್‌ಬರೋದ ವಿಲಿಯಂ ಕಲೆನ್ ಅವನ್ನು ಬಹಳಷ್ಟು ಇಳಿಸಿ, ಜ್ವರಗಳ ದೊಡ್ಡ ವರ್ಗದೊಳಗೆ ಉರಿಯೂತಗಳಿಗೇ ಒಂದು ಪ್ರತ್ಯೇಕ ಗುಂಪು ಮಾಡಿದ. ಸಸ್ಯಶಾಸ್ತ್ರದ ಈ ಹುಚ್ಚು ಬಹಳ ಕಾಲ ನಿಲ್ಲಲಿಲ್ಲ. ಹೂವಿಗೆ ಎಸಳು ಎಣಿಸಬಹುದು, ಹೊಟ್ಟೆನೋವಿಗೆ ಏನನ್ನು ಎಣಿಸುವುದು?

ಆಮೇಲೆ ಬಂದವನು ವಿಲಿಯಂ ಫಾರ್. ಇಂಗ್ಲೆಂಡಿನಲ್ಲಿ 1837ರಲ್ಲಿ ಸಾವು ಹುಟ್ಟುಗಳ ನೋಂದಣಿ ಕಚೇರಿ ಶುರುವಾಗಿತ್ತು. ಎರಡು ವರ್ಷದ ನಂತರ ಕೆಲಸಕ್ಕೆ ಸೇರಿದ ಫಾರ್ ಅಲ್ಲಿ ನಾಲ್ಕು ದಶಕ ಸವೆಸಿದ. ಒಂದೇ ಕಾಯಿಲೆಗೆ ಹತ್ತು ಹೆಸರು, ಹತ್ತು ಕಾಯಿಲೆಗೆ ಒಂದೇ ಹೆಸರು ಎಂಬ ಗೋಜಲಿನಲ್ಲಿ ಲೆಕ್ಕ ಸಾಧ್ಯವಿಲ್ಲ, ವ್ಯಾಪಾರಕ್ಕೆ ತೂಕ ಅಳತೆ ಇದ್ದ ಹಾಗೆ ಸಾವಿನ ಲೆಕ್ಕಕ್ಕೆ ಹೆಸರು ಬೇಕು ಎಂದು ಹಠ ಹಿಡಿದ. ಕಾಲರಾ, ಭೇದಿ, ಆಮಶಂಕೆ, ಸಿಡುಬು ಇವೆಲ್ಲ ಒಂದು ಬಗೆಯ ಹುದುಗುವಿಕೆಯಿಂದ ಬರುತ್ತವೆ ಎಂದು ಊಹಿಸಿ ಅವುಗಳನ್ನು ಒಂದು ಗುಂಪಿಗೆ ಹಾಕಿದ. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂಬುದು ಆಗ ಅವನ ನಂಬಿಕೆ. ಆದರೆ ಅವನು ಕೂಡಿಟ್ಟ ಅಂಕಿಗಳನ್ನು ಬಳಸಿಯೇ ಜಾನ್ ಸ್ನೋ 1854ರಲ್ಲಿ ನೀರಿನ ಕಡೆ ಬೆರಳು ತೋರಿಸಿದ. 1866ರ ಕಾಲರಾ ಹೊತ್ತಿಗೆ ಫಾರ್ ಕೂಡ ನೀರನ್ನು ಒಪ್ಪಿಕೊಂಡ. ಅವನ ಊಹೆ ಬಿತ್ತು, ಪಟ್ಟಿ ಉಳಿಯಿತು.

ಈ ಫಾರ್‌ಗೂ ಜಿನೀವಾದ ಡೆಸ್ಪಿನ್ ಎಂಬ ವೈದ್ಯನಿಗೂ ನಡೆದ ಜಗಳ ಮುಖ್ಯವಾದದ್ದು. ಫಾರ್ ಹೇಳಿದ, ಕಾಯಿಲೆ ದೇಹದ ಯಾವ ಭಾಗದಲ್ಲಿದೆ ಎಂಬುದನ್ನೂ ನೋಡಬೇಕು. ಡೆಸ್ಪಿನ್ ಹೇಳಿದ, ಕಾಯಿಲೆಯ ಗುಣ ನೋಡಬೇಕು. 1855ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಂಖ್ಯಾಶಾಸ್ತ್ರ ಸಮ್ಮೇಳನ ಇಬ್ಬರ ಪಟ್ಟಿಯನ್ನೂ ಬೆರೆಸಿ 139 ಹೆಸರುಗಳ ಒಂದು ರಾಜಿ ಪಟ್ಟಿ ಮಾಡಿತು. ಅದು ಹೆಚ್ಚು ಕಡೆ ನಡೆಯಲಿಲ್ಲ. 1893ರಲ್ಲಿ ಷಿಕಾಗೋದಲ್ಲಿ ಪ್ಯಾರಿಸ್ ನಗರದ ಅಂಕಿಅಂಶ ಕಚೇರಿಯ ಮುಖ್ಯಸ್ಥ ಜಾಕ್ ಬರ್ತಿಯೋಂ ಮುಂದಿಟ್ಟ ಪಟ್ಟಿ ನಡೆಯಿತು. 1900ರಲ್ಲಿ ಇಪ್ಪತ್ತಾರು ದೇಶಗಳ ಪ್ರತಿನಿಧಿಗಳು ಪ್ಯಾರಿಸ್ಸಿನಲ್ಲಿ ಕೂತು ಅದನ್ನು ತಿದ್ದಿದರು. 1948ರಲ್ಲಿ ಆರನೆಯ ಪರಿಷ್ಕರಣೆಯ ಹೊತ್ತಿಗೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಅಲ್ಲಿಯವರೆಗೆ ಸತ್ತವರ ಪಟ್ಟಿಯಾಗಿದ್ದದ್ದು ಅಂದಿನಿಂದ ಬದುಕಿರುವ ರೋಗಿಗಳ ಪಟ್ಟಿಯೂ ಆಯಿತು. ನಾವು ಐಸಿಡಿ ಎನ್ನುವುದು ಇದನ್ನೇ. 1990ರಲ್ಲಿ ಒಪ್ಪಿಗೆಯಾದ ಹತ್ತನೆಯ ಪರಿಷ್ಕರಣೆಯಲ್ಲಿ ಅಂಕಿಯ ಹಿಂದೆ ಇಂಗ್ಲಿಷ್ ಅಕ್ಷರ ಬಂತು. ಎ ಮತ್ತು ಬಿ ಎಂದರೆ ಸೋಂಕುಗಳು, ಕೆ ಎಂದರೆ ಜೀರ್ಣಾಂಗಗಳು.

ಫಾರ್ ಮತ್ತು ಡೆಸ್ಪಿನ್ ಜಗಳ ಈ ಅಕ್ಷರಗಳಲ್ಲಿ ಇನ್ನೂ ಜೀವಂತವಾಗಿದೆ. ಕಾರಣ ಗೊತ್ತಾದ ಕಾಯಿಲೆ ಕಾರಣದ ಮನೆಗೆ ಹೋಗುತ್ತದೆ. ಗೊತ್ತಾಗದ್ದು ಅಂಗದ ಮನೆಯಲ್ಲಿ ಉಳಿಯುತ್ತದೆ. ಭೇದಿಯ ವಲಸೆ ನೋಡಿ. ಫಾರ್ ಅದನ್ನು ಕಾಲರಾದ ಜೊತೆ ಕೂರಿಸಿದ್ದ. ಬರ್ತಿಯೋಂ ಪರಂಪರೆಯ ಪಟ್ಟಿಗಳು ಅದನ್ನು ಎಬ್ಬಿಸಿ ಜೀರ್ಣಾಂಗಗಳ ಕಾಯಿಲೆಗಳ ನಡುವೆ ಇಟ್ಟವು. ಅಲ್ಲಿ ಎರಡು ವರ್ಷದೊಳಗಿನ ಮಕ್ಕಳದು ಒಂದು, ಮೇಲ್ಪಟ್ಟವರದು ಇನ್ನೊಂದು ಎಂದು ವಯಸ್ಸಿನಿಂದ ಭಾಗ ಮಾಡಿದ್ದರು. 1965ರ ಎಂಟನೆಯ ಪರಿಷ್ಕರಣೆಯಲ್ಲಿ ಅದು ಮತ್ತೆ ಸೋಂಕುಗಳ ಮನೆಗೆ ಬಂತು. ಆದರೆ ಎಲ್ಲ ಭೇದಿಯೂ ಸೋಂಕಲ್ಲವಲ್ಲ! ಆದ್ದರಿಂದ ಹತ್ತನೆಯ ಪರಿಷ್ಕರಣೆಯಲ್ಲಿ ಎರಡು ಖಾನೆಗಳು ಇದ್ದವು. 'ಎ 09', ಸೋಂಕಿರಬೇಕು ಎಂದು ಭಾವಿಸಲಾದ ಭೇದಿ ಮತ್ತು ಕರುಳಿನ ಉರಿಯೂತ. 'ಕೆ 52.9', ನನ್ನ ಅಕ್ಕನದು.

ಈ ಎರಡರ ನಡುವೆ ಆ ಪುಸ್ತಕದಲ್ಲಿ ಒಂದು ಸಣ್ಣ ಟಿಪ್ಪಣಿ ಇತ್ತು. ನಾನು ಅದನ್ನು ನಾಲ್ಕು ಸಲ ಓದಿದೆ. ಡಾಕ್ಟರು ಕಾರಣ ಬರೆಯದೆ ಬರೀ ಕೊಲೈಟಿಸ್ ಅಥವಾ ಭೇದಿ ಎಂದು ಬರೆದಿದ್ದರೆ 'ಎ 09' ಎಂದು ಹಾಕಿ. ಆದರೆ ಇಂಥದ್ದು ಸೋಂಕಿನದಲ್ಲ ಎಂದು ಭಾವಿಸಬಹುದಾದ ದೇಶಗಳಲ್ಲಿ 'ಕೆ 52.9' ಎಂದು ಹಾಕಿ ಎಂಬುದು ಅದರ ತಾತ್ಪರ್ಯ. ಅಂದರೆ ರೋಗಿಯ ಕರುಳಿನಲ್ಲಿ ಏನಿದೆ ಎಂಬುದು ತಿಳಿಯದಿದ್ದಾಗ ರೋಗಿಯ ಪಾಸ್‌ಪೋರ್ಟ್ ನೋಡಬೇಕು! ನಲ್ಲಿ ನೀರು ಶುದ್ಧವಿರುವ ದೇಶದಲ್ಲಿ ಹುಟ್ಟಿದರೆ ಅದೇ ಹೊಟ್ಟೆನೋವು ಸೋಂಕಲ್ಲ, ನಮ್ಮಂಥ ಕಡೆ ಹುಟ್ಟಿದರೆ ಸೋಂಕು. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತರ್ಕವಿದೆ, ಒಪ್ಪುತ್ತೇನೆ. ಲಕ್ಷ ಮಂದಿಯ ವಿಷಯದಲ್ಲಿ ಆ ಊಹೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಚೀಟಿ ಹಿಡಿದು ನಿಂತಿರುವುದು ಲಕ್ಷ ಮಂದಿಯಲ್ಲ, ಒಬ್ಬ ಹೆಂಗಸು. ಟಿಪ್ಪಣಿಯ ಪ್ರಕಾರ ಅಕ್ಕನಿಗೆ ಸಿಗಬೇಕಾಗಿದ್ದದ್ದು 'ಎ 09'. ಗುಮಾಸ್ತ ಅವಳನ್ನು ಶ್ರೀಮಂತ ದೇಶದ ಪ್ರಜೆಯನ್ನಾಗಿ ಮಾಡಿದ್ದ.

2010ರ ಆವೃತ್ತಿಯಲ್ಲಿ ಆ ಖಾನೆಯನ್ನು ಎರಡು ಹೋಳು ಮಾಡಿದರು. 'ಎ 09.0' ಸೋಂಕಿನದು, 'ಎ 09.9' ಮೂಲ ತಿಳಿಯದ್ದು. ದೇಶ ನೋಡಿ ಅಂಕಿ ಹಾಕುವ ಮಾತು ಹೋಯಿತು. ಇನ್ನೊಂದು ಕುತೂಹಲದ ಖಾನೆಯೂ ಆಗ ಸೇರಿತು. 'ಕೆ 52.3', ಇದು ಕ್ರೋನ್ ಕಾಯಿಲೆಯೋ ಹುಣ್ಣಿನ ಕೊಲೈಟಿಸೋ ಎಂದು ತೀರ್ಮಾನಿಸಲಾಗದ ಉರಿಯೂತಕ್ಕೆ.

ಪ್ರಶ್ನಾರ್ಥಕ ಚಿಹ್ನೆಗೆ ಮಾತ್ರ ಜಾಗ ಸಿಗಲಿಲ್ಲ. ಅದಕ್ಕೆ ನಿಯಮವೇ ಇದೆ. ಚಿಕಿತ್ಸೆ ಮುಗಿದ ಮೇಲೂ ಡಾಕ್ಟರು 'ಶಂಕೆ' ಎಂದೇ ಬರೆದಿದ್ದು ಬೇರೆ ಮಾಹಿತಿ ಇಲ್ಲದಿದ್ದರೆ, ಶಂಕಿಸಿದ ಕಾಯಿಲೆ ಖಚಿತವಾಗಿದೆ ಎಂದೇ ತಿಳಿದು ಅಂಕಿ ಹಾಕಬೇಕು ಎನ್ನುತ್ತದೆ ಹತ್ತನೆಯ ಪರಿಷ್ಕರಣೆಯ ಕೈಪಿಡಿ. ಗುಮಾಸ್ತ 'ಟಿಬಿ' ಎಂಬುದನ್ನು ಹಿಡಿದು ಆ ನಿಯಮದಂತೆ ನಡೆದಿದ್ದರೆ ಅಕ್ಕನ ಚೀಟಿಯ ಮೇಲೆ 'ಎ 18.3', ಅಂದರೆ ಕರುಳಿನ ಕ್ಷಯ, ಎಂದು ಅಚ್ಚಾಗುತ್ತಿತ್ತು. ವಿಮೆಯ ಹಣ ಬಹುಶಃ ಬರುತ್ತಿತ್ತು. ಆದರೆ ಅವಳ ಗಂಡನ ಮನೆಯಲ್ಲಿ ಮದುವೆಗೆ ಬಂದ ಇಬ್ಬರು ನಾದಿನಿಯರಿದ್ದರು. ನಮ್ಮ ಮೊಹಲ್ಲಾದಲ್ಲಿ ಟಿಬಿ ಎಂಬ ಎರಡಕ್ಷರ ಏನು ಮಾಡಬಲ್ಲುದು ಎಂದು ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ. ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಅವಳು ತವರಿಗೆ ತಂದು ನಮ್ಮ ಒಲೆಗೆ ಹಾಕುತ್ತಿದ್ದಳು.

ಡಾಕ್ಟರರ ಶಂಕೆ ಬೇಜವಾಬ್ದಾರಿಯದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ರಾಬರ್ಟ್ ಕೋಖ್ 1882ರಲ್ಲಿ ಕ್ಷಯದ ಕ್ರಿಮಿಯನ್ನು ತೋರಿಸಿದ ಮೇಲೂ, ಕ್ರಿಮಿ ಸಿಗದ ಆದರೆ ಕ್ಷಯದಂತೆಯೇ ಕಾಣುವ ಕರುಳಿನ ಉರಿಯೂತಗಳು ಉಳಿದುಕೊಂಡವು. ಗ್ಲಾಸ್ಗೋದ ಶಸ್ತ್ರವೈದ್ಯ ಡಾಲ್ಜೀಲ್ 1913ರಲ್ಲಿ ಅಂಥ ಕೆಲವು ರೋಗಿಗಳ ಬಗ್ಗೆ ಬರೆದು, ಇದು ದನಗಳಿಗೆ ಬರುವ ಒಂದು ಕರುಳಿನ ಬೇನೆಯಂತೆ ಇದೆ ಎಂದ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂವರೂ ಸೇರಿ ಅದನ್ನು ಪ್ರತ್ಯೇಕ ಕಾಯಿಲೆ ಎಂದು ವರ್ಣಿಸಿದರು. ಹೆಸರು ಉಳಿದದ್ದು ಕ್ರೋನ್ ಒಬ್ಬನದು. ಮೂಲ ಕಾರಣ ಇಂದಿಗೂ ಪೂರ್ತಿ ಬಿಡಿಸಿಲ್ಲ. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಸೂಕ್ಷ್ಮದರ್ಶಕದ ಕೆಳಗೂ ಎರಡನ್ನೂ ಬೇರ್ಪಡಿಸುವುದು ಎಷ್ಟೋ ಸಲ ಕಷ್ಟ. ಕ್ರೋನ್‌ಗೆ ಕೊಡುವ ಔಷಧ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುತ್ತದೆ; ಒಳಗೆ ಕ್ಷಯವಿದ್ದರೆ ಅದು ಭುಗಿಲೇಳುತ್ತದೆ. ಹಾಗಾಗಿ ಮೊದಲು ಕೆಲವು ತಿಂಗಳು ಕ್ಷಯದ ಮಾತ್ರೆ ಕೊಟ್ಟು ನೋಡುವ ವೈದ್ಯರು ನಮ್ಮಲ್ಲಿ ಬಹಳ. ಇದು ಔಷಧದ ಮೂಲಕ ಕೇಳುವ ಪ್ರಶ್ನೆ.

ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿಯಿತು ಎಂದಲ್ಲ. ಇದನ್ನು ತಿಳಿಯಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ, ನಮ್ಮ ಶಿವಮೊಗ್ಗ ಜಿಲ್ಲೆ ಸಾಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನ ಜ್ವರದಿಂದ ಸತ್ತರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಅದೇ ವರ್ಷ ವೈರಾಣುವನ್ನು ಹಿಡಿದರು, ಉಣ್ಣೆಯ ಜಾಡು ಕಂಡರು. ನಮ್ಮ ಮಂಗನ ಕಾಯಿಲೆಗೆ ಐಸಿಡಿಯಲ್ಲಿ ಸ್ವಂತ ಅಂಕಿ ಇದೆ, 'ಎ 98.2'. ಮಲೆನಾಡಿನ ಒಂದು ಕಾಡಿನ ಹೆಸರು ಆ ಜಾಗತಿಕ ಪುಸ್ತಕದಲ್ಲಿ ಅಚ್ಚಾಗಿದೆ.

ಪಕ್ಕದ ಸಾಗರ ತಾಲೂಕಿನ ಹಂದಿಗೋಡಿನ ಕತೆ ಬೇರೆ. 1974-75ರ ಸುಮಾರಿಗೆ ಅಲ್ಲಿಯ ಚನ್ನಂಗಿ, ಚಲವಾದಿ ಸಮುದಾಯಗಳ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಗಳು ನೋಯತೊಡಗಿ, ಕಾಲು ಸೊಟ್ಟಗಾಗಿ, ದುಡಿಯುವ ವಯಸ್ಸಿನವರು ತೆವಳುವಂತಾದದ್ದು ಹೊರಗೆ ತಿಳಿಯಿತು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದರಿಂದ ಹೀಗಾಯಿತೆಂಬ ಶಂಕೆ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರ ತಮ್ಮ ಲೇಖನದಲ್ಲಿ ಇದನ್ನು ಮಲೆನಾಡಿನ ಸ್ಥಳೀಯ, ಕುಟುಂಬಗತ 'ಆರ್ಥ್ರೈಟಿಸ್' ಎಂದು ಕರೆದರು. ಮತ್ತೆ ಅದೇ 'ಐಟಿಸ್' ಬಾಲ. 1990ರ ದಶಕದ ಅಧ್ಯಯನಗಳಲ್ಲಿ, ಇದು ಉರಿಯೂತವೇ ಅಲ್ಲ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ, ಮೂಳೆಯ ಬೆಳವಣಿಗೆಯ ದೋಷ ಎಂಬ ಅಭಿಪ್ರಾಯ ಬಂತು. ಉರಿಯೂತದ ಮನೆಯಿಂದ ಹುಟ್ಟುದೋಷದ ಮನೆಗೆ ವರ್ಗವಾಯಿತು. ಐಸಿಡಿ ಹತ್ತರಲ್ಲಿ ಹಂದಿಗೋಡಿನ ಹೆಸರಿನ ಖಾನೆ ಇಲ್ಲ. ಚೀನಾದ ಕೆಲವು ಪ್ರದೇಶಗಳಲ್ಲಿ ಕಾಣಿಸುವ, ಕಾರಣ ಪೂರ್ತಿ ತಿಳಿಯದ ಕಾಶಿನ್-ಬೆಕ್ ಎಂಬ ಕೀಲುಬೇನೆಗೆ 'ಎಂ 12.1' ಎಂಬ ಅಂಕಿ ಸಿಕ್ಕಿದೆ. ಕಾರಣ ತಿಳಿಯದಿರುವುದೊಂದೇ ಅಡ್ಡಿಯಲ್ಲ ಎಂದಾಯಿತು. ಯಾರು ಎಷ್ಟು ಸಂಖ್ಯೆಯಲ್ಲಿದ್ದಾರೆ, ಅವರ ಬಗ್ಗೆ ಯಾರು ಬರೆಯುತ್ತಾರೆ ಎಂಬುದೂ ಇದೆ.

ನಮ್ಮ ದೇಶದ ಲೆಕ್ಕದಲ್ಲಿ ಈ 'ಗೊತ್ತಿಲ್ಲ' ಯಾವಾಗಲೂ ದೊಡ್ಡದೇ. ಬ್ರಿಟಿಷರ ಕಾಲದ ವರದಿಗಳಲ್ಲಿ ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ ಎಂಬಂಥ ಕೆಲವೇ ಕಾಲಂಗಳು. ಬರೆಸುವವನು ಹಳ್ಳಿಯ ಕಾವಲುಗಾರ ಅಥವಾ ಪಟೇಲ. ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 'ಜ್ವರ'ಕ್ಕೆ ಹೋಗುತ್ತಿದ್ದರು. 1969ರ ಜನನ ಮರಣ ನೋಂದಣಿ ಕಾಯಿದೆ ಬಂದು ಅರ್ಧ ಶತಮಾನ ಕಳೆದ ಮೇಲೂ, 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ನೂರಕ್ಕೆ ಸುಮಾರು 22 ಮಾತ್ರ.

ಅದೇ 2020ರಲ್ಲಿ ಒಂದು ವಿಚಿತ್ರ ನಡೆಯಿತು. ಕೋವಿಡ್ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ತುರ್ತಾಗಿ ಎರಡು ಅಂಕಿ ಕೊಟ್ಟಿತು. 'ಯು 07.1', ವೈರಾಣು ಪತ್ತೆಯಾದ ಕೋವಿಡ್. 'ಯು 07.2', ವೈರಾಣು ಪತ್ತೆಯಾಗದ ಕೋವಿಡ್. ಅಂದರೆ ಮನಸ್ಸು ಮಾಡಿದರೆ ಶಂಕೆಗೂ ಪ್ರತ್ಯೇಕ ಅಂಕಿ ಕೊಡಬಹುದು. ಕೋವಿಡ್ ಕಳೆದ ಮಕ್ಕಳಲ್ಲಿ ಮೈಯೆಲ್ಲ ಉರಿಯೂತ ಕಾಣಿಸಿಕೊಂಡಾಗ ಅದಕ್ಕೂ ಅದೇ ವರ್ಷ 'ಯು 10' ಎಂಬ ಖಾನೆ ತೆರೆದರು. ಜಪಾನಿನ ತೊಮಿಸಾಕು ಕವಾಸಾಕಿ ಇದೇ ತರಹ ಕಾಣುವ ಮಕ್ಕಳ ಬೇನೆಯೊಂದನ್ನು 1967ರಲ್ಲೇ ವರ್ಣಿಸಿದ್ದರು. 2020ರ ಜೂನ್‌ನಲ್ಲಿ ಅವರು ತೀರಿಕೊಂಡಾಗಲೂ ಆ ಬೇನೆಯ ಕಾರಣ ಸಿಕ್ಕಿರಲಿಲ್ಲ.

ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಿಂದ ಜಾರಿಗೆ ಬಂದಿದೆ. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ವೈದ್ಯಗಳ ರೋಗನಾಮಗಳಿಗೂ ಅದರಲ್ಲಿ ಒಂದು ಭಾಗ ಸೇರಿತು. ಹಕೀಮ ಸಾಹೇಬರ ಶಬ್ದಗಳಿಗೂ ಈಗ ಅಂಕಿ!

ಅಕ್ಕನ ವಿಷಯ ಅರ್ಧಕ್ಕೆ ಬಿಟ್ಟೆ. ಒಂಬತ್ತು ತಿಂಗಳು ಕ್ಷಯದ ಮಾತ್ರೆ ನುಂಗಿದಳು. ನೋವು ಇಳಿಯಿತು, ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ನಾಲ್ಕು ವರ್ಷದ ನಂತರ ಎಲ್ಲವೂ ಮತ್ತೆ ಶುರುವಾಯಿತು. ಬೇರೆ ಊರಿನ ಬೇರೆ ಆಸ್ಪತ್ರೆಯಲ್ಲಿ ಒಬ್ಬ ಯುವ ಡಾಕ್ಟರಮ್ಮ ಹಳೆಯ ಕಾಗದಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ನೋಡಿದರು. ಕ್ರೋನ್ ಇರಬಹುದು ಎಂದರು. "ಹಾಗಾದರೆ ಆಗ ನಾನು ನುಂಗಿದ್ದು ಯಾವುದಕ್ಕೆ? ಆಗ ವಾಸಿಯಾದದ್ದು ಏನು?" ಎಂದು ಅಕ್ಕ ಕೇಳಿದಳು. "ಗೊತ್ತಿಲ್ಲಮ್ಮ" ಎಂದರು ಅವರು. ಅಷ್ಟು ವರ್ಷಗಳಲ್ಲಿ ಯಾವ ಡಾಕ್ಟರ ಬಾಯಲ್ಲೂ ಆ ಮಾತು ಕೇಳಿರದ ಅಕ್ಕ ನನ್ನ ಮುಖ ನೋಡಿದಳು. ಅವರು ಚೀಟಿಯಲ್ಲಿ ಕ್ರೋನ್ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಕೆಳಗಿನ ಕೌಂಟರಿನಲ್ಲಿ ಗುಮಾಸ್ತ ಹುಡುಗ ಕಂಪ್ಯೂಟರಿನಲ್ಲಿ ಅಷ್ಟು ಹುಡುಕಿ 'ಕೆ 50.9' ಎಂದು ಅಚ್ಚು ತೆಗೆದು ಕೊಟ್ಟ. ಕ್ರೋನ್ ಕಾಯಿಲೆ, ನಿರ್ದಿಷ್ಟವಾಗಿ ಹೇಳಿಲ್ಲ. ಈ ಸಲ ವಿಮೆಯ ಹಣ ಬಂತು. ಅಕ್ಕ ಎರಡೂ ಕಾಗದಗಳನ್ನು ಡಬ್ಬಿಗೆ ಹಾಕಿದಳು, ಕೈಬರಹದ್ದು ಮೇಲೆ.